ಸ್ಕ್ಯಾನರ್ ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ: ನಮ್ಮದು ಹತ್ತು ಜನರ ಕಚೇರಿ. ನೆಟ್‌ವರ್ಕ್‌ಗೆ ಜೋಡಿಸುವ ಹೊಸ ಡಾಕ್ಯುಮೆಂಟ್ ಸ್ಕ್ಯಾನರ್ ತಂದಿದ್ದೇವೆ. ಅದರ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ, ಎಫ್‌ಟಿಪಿ, ಎಸ್‌ಎಂಟಿಪಿ, ಡಬ್ಲ್ಯೂಎಸ್‌ಡಿ, ಎಲ್‌ಡಿಎಪಿ ಅಂತ ಏನೇನೋ ಹೆಸರುಗಳಿವೆ. ಎಲ್ಲವನ್ನೂ ಆನ್ ಮಾಡಿ ನೋಡಿದೆ. ಒಂದು ದಿನ ಫೈಲ್ ಸರಿಯಾಗಿ ಬರುತ್ತದೆ, ಮಾರನೇ ದಿನ ಸಂಪರ್ಕ ಸಿಗುತ್ತಿಲ್ಲ ಅನ್ನುತ್ತದೆ. ಇನ್ನೊಂದು ವಿಷಯ. ಕಂಪ್ಯೂಟರ್ ಬದಲಾಯಿಸಿದ ಮೇಲೆ ನಮ್ಮ ಹಳೆಯ ಸ್ಕ್ಯಾನರ್ ಫೋಲ್ಡರ್‌ಗೆ ಫೈಲ್ ಕಳಿಸುವುದನ್ನೇ ನಿಲ್ಲಿಸಿದೆ. ಎಸ್‌ಎಂಬಿಯ ಒಂದನೇ ಆವೃತ್ತಿಯನ್ನು ಆನ್ ಮಾಡಿ, ಸರಿಹೋಗುತ್ತೆ ಅಂತ ಪರಿಚಯದವರೊಬ್ಬರು ಹೇಳಿದರು. ಮಾಡಬಹುದಾ? ಹೊಸದಕ್ಕೆ ಯಾವುದನ್ನು ಆರಿಸಲಿ?

ಉತ್ತರ: ಎಲ್ಲವನ್ನೂ ಆನ್ ಮಾಡಿ ನೋಡಿದೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಹೊಸ ಯಂತ್ರ ಬಂದಾಗ ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಎಲ್ಲವೂ ಆನ್ ಇದ್ದರೆ ಯಾವುದು ಕೆಲಸ ಮಾಡಿತು, ಯಾವುದು ಕೈಕೊಟ್ಟಿತು ಅಂತ ತಿಳಿಯುವುದಿಲ್ಲ. ಹಾಗಾಗಿ ಮೊದಲು ಎಲ್ಲವನ್ನೂ ಆಫ್ ಮಾಡಿ. ಸ್ಕ್ಯಾನರ್‌ನ ಸೆಟ್ಟಿಂಗ್ಸ್ ಪುಟ ಬ್ರೌಸರ್‌ನಲ್ಲಿ ತೆರೆಯುತ್ತದಲ್ಲ, ಅದೊಂದು ಇರಲಿ. ಬೇಕಾದ್ದನ್ನು ಒಂದೊಂದಾಗಿ ತೆರೆಯುತ್ತಾ ಹೋಗೋಣ. ಹತ್ತು ಜನರ ಕಚೇರಿಗೆ ಸಾಮಾನ್ಯವಾಗಿ ಎರಡು ಸಾಕಾಗುತ್ತವೆ.

ಈ ಹೆಸರುಗಳೆಲ್ಲ ಪ್ರೋಟೋಕಾಲ್‌ಗಳು, ಅಂದರೆ ಯಂತ್ರಗಳು ತಮ್ಮೊಳಗೆ ಮಾತಾಡುವ ಕಟ್ಟಳೆಗಳು. ಒಂದೇ ಪಟ್ಟಿಯಲ್ಲಿ ಇರುವುದರಿಂದ ಒಂದೇ ಕೆಲಸಕ್ಕೆ ಇರುವ ಬೇರೆ ಬೇರೆ ದಾರಿಗಳು ಅನ್ನಿಸುತ್ತವೆ. ಹಾಗಲ್ಲ. ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ: ಯಾರು ಯಾರ ಬಾಗಿಲು ತಟ್ಟುತ್ತಾರೆ?

ನೀವು ಸ್ಕ್ಯಾನರ್ ಮುಂದೆ ನಿಂತು, ಕಾಗದ ಇಟ್ಟು, ಅದರ ಮೇಲಿನ ಗುಂಡಿ ಒತ್ತಿದಿರಿ ಅನ್ನಿ. ಆಗ ಸ್ಕ್ಯಾನರ್ ಹೊರಡುತ್ತದೆ. ಫೈಲ್ ಹಿಡಿದುಕೊಂಡು ನಿಮ್ಮ ಕಂಪ್ಯೂಟರ್‌ನ ಅಥವಾ ಮೇಲ್ ಸರ್ವರ್‌ನ ಬಾಗಿಲು ತಟ್ಟುತ್ತದೆ. ಎಸ್‌ಎಂಬಿ, ಎಫ್‌ಟಿಪಿ, ಎಸ್‌ಎಂಟಿಪಿ ಮೂರೂ ಈ ಕಡೆಯವು. ಅದೇ ನೀವು ಕಂಪ್ಯೂಟರ್ ಮುಂದೆ ಕೂತು ಸಾಫ್ಟ್‌ವೇರ್ ತೆರೆದು ಸ್ಕ್ಯಾನ್ ಅಂತ ಒತ್ತಿದರೆ ಕಂಪ್ಯೂಟರ್ ಹೋಗಿ ಸ್ಕ್ಯಾನರ್‌ನ ಬಾಗಿಲು ತಟ್ಟುತ್ತದೆ. ಡಬ್ಲ್ಯೂಎಸ್‌ಡಿ ಈ ಕಡೆಯದು, ಇಎಸ್‌ಸಿಎಲ್ ಅಂತ ಅಂಥದ್ದೇ ಇನ್ನೊಂದೂ ಇದೆ.

ಯಾರೇ ತಟ್ಟಲಿ, ನಾಲ್ಕು ವಿಷಯ ಕೂಡಿ ಬರಬೇಕು. ಹೋಗಬೇಕಾದ ವಿಳಾಸ ಸರಿ ಇರಬೇಕು. ಆ ವಿಳಾಸದಲ್ಲಿ ಸರಿಯಾದ ಬಾಗಿಲು, ಅಂದರೆ ಪೋರ್ಟ್ ತೆರೆದಿರಬೇಕು. ಬಂದವರ ಗುರುತು ಒಪ್ಪಿಗೆಯಾಗಬೇಕು. ಒಳಗೆ ಹೋದ ಮೇಲೆ ಫೈಲ್ ಇಡಲು ಅನುಮತಿ ಇರಬೇಕು. ಸ್ಕ್ಯಾನ್ ಕೈಕೊಟ್ಟಾಗಲೆಲ್ಲ ಇದೇ ಕ್ರಮದಲ್ಲಿ ಹುಡುಕಿ. ನೇರವಾಗಿ ಪಾಸ್‌ವರ್ಡ್ ಬದಲಾಯಿಸಲು ಹೋಗುವವರೇ ಜಾಸ್ತಿ, ಆದರೆ ಎಷ್ಟೋ ಸಲ ತೊಂದರೆ ಮೊದಲನೆಯದರಲ್ಲೇ ಇರುತ್ತದೆ.

ನಿಮ್ಮದೂ ಹಾಗೇ ಇರಬಹುದು. ಒಂದು ದಿನ ಬರುತ್ತದೆ, ಮಾರನೇ ದಿನ ಬರುವುದಿಲ್ಲ ಅಂದರೆ ನನಗೆ ಮೊದಲು ಹೊಳೆಯುವುದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಮನೆ ನಂಬರ್. ಕಚೇರಿಯ ರೌಟರ್ ಡಿಎಚ್‌ಸಿಪಿ ಅನ್ನುವ ಪ್ರೋಟೋಕಾಲ್ ಮೂಲಕ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಕೊಡುತ್ತದೆ. ಆ ವಿಳಾಸ ಖಾಯಂ ಅಲ್ಲ, ಇಂತಿಷ್ಟು ಹೊತ್ತಿಗೆ ಅಂತ ಕೊಟ್ಟ ಬಾಡಿಗೆ ಮನೆಯ ಹಾಗೆ. ನಿನ್ನೆ ನಿಮ್ಮ ಕಂಪ್ಯೂಟರ್ 192.168.1.23ರಲ್ಲಿತ್ತು. ಇವತ್ತು ಬೆಳಿಗ್ಗೆ 192.168.1.31 ಸಿಕ್ಕಿದೆ. ಸ್ಕ್ಯಾನರ್‌ನ ಅಡ್ರೆಸ್ ಬುಕ್‌ನಲ್ಲಿ ಮಾತ್ರ ಇನ್ನೂ 23 ಅಂತಲೇ ಇದೆ. ಪಾಪ, ಅದು ಹಳೇ ಮನೆಗೆ ಹೋಗಿ ಬಾಗಿಲು ತಟ್ಟಿ ವಾಪಸ್ ಬರುತ್ತಿದೆ.

ಇದಕ್ಕೆ ಪರಿಹಾರ ರೌಟರ್‌ನಲ್ಲೇ ಇದೆ. ಡಿಎಚ್‌ಸಿಪಿ ರಿಸರ್ವೇಶನ್ ಅಂತ ಹುಡುಕಿ. ಸ್ಕ್ಯಾನರ್‌ಗೆ ಒಂದು, ಫೈಲ್ ಬಂದು ಸೇರುವ ಕಂಪ್ಯೂಟರ್‌ಗೆ ಒಂದು ವಿಳಾಸವನ್ನು ಅವುಗಳ ಮ್ಯಾಕ್ ಅಡ್ರೆಸ್ (ಯಂತ್ರದ ನೆಟ್‌ವರ್ಕ್ ಭಾಗಕ್ಕೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ) ಮೇಲೆ ಕಾಯ್ದಿರಿಸಿ. ಕೇಬಲ್‌ಗೆ ಒಂದು ಮ್ಯಾಕ್ ಅಡ್ರೆಸ್, ವೈಫೈಗೆ ಇನ್ನೊಂದು ಇರುತ್ತದೆ, ಅದನ್ನು ಮರೆಯಬೇಡಿ. ಯಂತ್ರದೊಳಗೇ ಕೈಯಾರೆ ಐಪಿ ಹಾಕಬಹುದು ನಿಜ. ಆದರೆ ಅದೇ ವಿಳಾಸವನ್ನು ರೌಟರ್ ಇನ್ನೊಂದು ಫೋನಿಗೋ ಲ್ಯಾಪ್‌ಟಾಪ್‌ಗೋ ಕೊಟ್ಟುಬಿಟ್ಟರೆ ಎರಡೂ ತಡವರಿಸುತ್ತವೆ. ಕೈಯಾರೆ ಹಾಕುವಾಗ ಇನ್ನೊಂದು ತಪ್ಪು ಕೂಡ ಆಗುತ್ತದೆ. ಐಪಿ ತುಂಬಿಸಿ ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೌಟರ್) ಮತ್ತು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವುದು) ಜಾಗ ಖಾಲಿ ಬಿಡುತ್ತಾರೆ. ಆಗ ಕಚೇರಿಯೊಳಗಿನ ಫೋಲ್ಡರ್‌ಗೆ ಫೈಲ್ ಹೋಗುತ್ತದೆ, ಇಮೇಲ್ ಮಾತ್ರ ಹೋಗುವುದಿಲ್ಲ. ಫೋಲ್ಡರ್ ಪಕ್ಕದಲ್ಲೇ ಇದೆ, ಮೇಲ್ ಸರ್ವರ್ ಹೊರಗಿದೆ, ಹೊರಗೆ ಹೋಗುವ ದಾರಿಯನ್ನೇ ನಾವು ಹೇಳಿಲ್ಲ.

ಸ್ಕ್ಯಾನರ್‌ನ ಪರದೆಯಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ ಬೇರೇನೂ ನೋಡಬೇಡಿ. ರೌಟರ್‌ನಿಂದ ವಿಳಾಸ ಸಿಗದೆ ಅದು ತನಗೆ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಕೇಬಲ್, ಸ್ವಿಚ್, ವೈಫೈ ಪಾಸ್‌ವರ್ಡ್ ಇಷ್ಟನ್ನೇ ನೋಡಿ.

ವಿಳಾಸ ಸರಿ ಇದ್ದೂ ಬರುತ್ತಿಲ್ಲ ಅಂದರೆ ಕಂಪ್ಯೂಟರ್ ನಿದ್ದೆ ಹೋಗಿದೆಯಾ ನೋಡಿ. ಊಟದ ಹೊತ್ತಿನಲ್ಲಿ ಸ್ಲೀಪ್‌ಗೆ ಹೋದ ಕಂಪ್ಯೂಟರ್ ಬಾಗಿಲು ತೆರೆಯುವುದಿಲ್ಲ. ಫೈಲ್ ಸೇರುವ ಯಂತ್ರ ಸದಾ ಎಚ್ಚರ ಇರಬೇಕು. ಅದಕ್ಕೇ ಯಾರದೋ ಲ್ಯಾಪ್‌ಟಾಪ್‌ಗಿಂತ ಒಂದು ನ್ಯಾಸ್ ಪೆಟ್ಟಿಗೆಯೋ (ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಸದಾ ಆನ್ ಇರುವ ಡೆಸ್ಕ್‌ಟಾಪ್ಪೋ ಒಳ್ಳೆಯದು.

ಈಗ ಎಸ್‌ಎಂಬಿ. ನಿಮ್ಮ ಕಚೇರಿಗೆ ನಾನು ಮೊದಲು ಆರಿಸುವುದು ಇದನ್ನೇ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, ಆಮೇಲೆ ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆದ ಪ್ರೋಟೋಕಾಲ್ ಇದು. ವಿಂಡೋಸ್‌ನಲ್ಲಿ ಶೇರ್ ಮಾಡಿದ ಫೋಲ್ಡರ್ ತೆರೆದಾಗಲೆಲ್ಲ ನೀವು ಬಳಸುತ್ತಿರುವುದು ಇದನ್ನೇ. ಇದರ ಬಾಗಿಲು ಟಿಸಿಪಿ ಪೋರ್ಟ್ 445. ಹಳೆಯ ಯಂತ್ರಗಳಲ್ಲಿ 139 ಕೂಡ ಕಾಣಬಹುದು, ಅದು ಹಿಂದಿನ ಕಾಲದ ನೆಟ್‌ಬಯಾಸ್ ದಾರಿ. ಈಗ ಬೇಡ.

ಇದನ್ನು ಹೊಂದಿಸುವಾಗ ಬಹಳ ಕಚೇರಿಗಳಲ್ಲಿ ಒಂದೇ ತಪ್ಪು ಕಾಣುತ್ತೇನೆ. ಮಾಲೀಕರ ಅಥವಾ ಮ್ಯಾನೇಜರ್‌ನ ಸ್ವಂತ ಯೂಸರ್‌ನೇಮ್, ಪಾಸ್‌ವರ್ಡನ್ನೇ ಸ್ಕ್ಯಾನರ್‌ಗೆ ಕೊಟ್ಟಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕ್ಯಾನರ್ ಅಂದರೆ ಎಲ್ಲರೂ ಓಡಾಡುವ ಕಡೆ ಇರುವ ಯಂತ್ರ. ಅದರೊಳಗೆ ಉಳಿದ ಪಾಸ್‌ವರ್ಡ್ ಇಡೀ ಕಂಪ್ಯೂಟರ್‌ನ ಬೀಗದ ಕೈ ಆಗಬಾರದು. ಇನ್ನೊಂದು ತೊಂದರೆಯೂ ಇದೆ. ಅವರು ಪಾಸ್‌ವರ್ಡ್ ಬದಲಾಯಿಸಿದ ದಿನವೇ ಸ್ಕ್ಯಾನ್ ನಿಲ್ಲುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಬದಲಿಗೆ ಫೈಲ್ ಸೇರುವ ಕಂಪ್ಯೂಟರ್‌ನಲ್ಲಿ ಸ್ಕ್ಯಾನರ್‌ಗಾಗಿಯೇ ಒಂದು ಲೋಕಲ್ ಖಾತೆ ತೆರೆಯಿರಿ. 'ಸ್ಕ್ಯಾನ್' ಅಂತಲೇ ಹೆಸರಿಡಿ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಡ. ಉದ್ದನೆಯ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ, ಸುಮ್ನೆ ಖಾಲಿ ಬಿಟ್ಟು ಪ್ರಯತ್ನಿಸಬೇಡಿ. ಮುಂದಿನ ಸಲ ಲಾಗಿನ್ ಆದಾಗ ಪಾಸ್‌ವರ್ಡ್ ಬದಲಾಯಿಸಬೇಕು ಅನ್ನುವ ಗುರುತು ಇದ್ದರೆ ತೆಗೆಯಿರಿ. ಸ್ಕ್ಯಾನರ್‌ಗೆ ಅದನ್ನು ಬದಲಾಯಿಸಲು ಬರುವುದಿಲ್ಲ ಅಲ್ವಾ? ಪಾಸ್‌ವರ್ಡ್ ಅವಧಿ ಮುಗಿಯಬಾರದು ಅನ್ನುವ ಗುರುತು ಹಾಕಿ. ಕಂಪ್ಯೂಟರ್ ತೆರೆಯಲು ನೀವು ಒತ್ತುವ ಪಿನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ.

ಆಮೇಲೆ ಫೋಲ್ಡರ್. ಡೆಸ್ಕ್‌ಟಾಪ್ ಮೇಲೆ ಬೇಡ, ಯಾರದೋ ಡಾಕ್ಯುಮೆಂಟ್ಸ್ ಒಳಗೂ ಬೇಡ. ಡ್ರೈವ್‌ನಲ್ಲಿ ನೇರವಾಗಿ ಒಂದು ಹೊಸ ಫೋಲ್ಡರ್ ಮಾಡಿ, ಹೆಸರಿನಲ್ಲಿ ಜಾಗ ಬಿಡದೆ ಬರೆಯಿರಿ. ಅದನ್ನು ಶೇರ್ ಮಾಡಿ. ಎಲ್ಲರೂ ಎಡವುವ ಜಾಗ ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡಿ.

ವಿಂಡೋಸ್‌ನಲ್ಲಿ ಒಂದು ಶೇರ್ ಫೋಲ್ಡರ್‌ಗೆ ಎರಡು ಕಾವಲು ಇರುತ್ತವೆ. ಒಂದು ಶೇರಿಂಗ್ ಟ್ಯಾಬ್‌ನಲ್ಲಿ ಕೊಡುವ ಅನುಮತಿ, ಇನ್ನೊಂದು ಸೆಕ್ಯುರಿಟಿ ಟ್ಯಾಬ್‌ನಲ್ಲಿ ಕೊಡುವುದು. ನೆಟ್‌ವರ್ಕ್‌ನಿಂದ ಬಂದವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್‌ನಲ್ಲಿ ಬರೆಯಲು ಬಿಟ್ಟು, ಸೆಕ್ಯುರಿಟಿಯಲ್ಲಿ ಓದಲು ಮಾತ್ರ ಬಿಟ್ಟರೆ ಏನಾಗುತ್ತದೆ ಗೊತ್ತಾ? ಸ್ಕ್ಯಾನರ್ ಲಾಗಿನ್ ಆಗುತ್ತದೆ. ಸಂಪರ್ಕ ಪರೀಕ್ಷೆ ಅಂತ ಒಂದು ಗುಂಡಿ ಇರುತ್ತದಲ್ಲ, ಕೆಲವು ಮಾಡೆಲ್‌ಗಳಲ್ಲಿ ಅದು ಕೂಡ ಸರಿ ಇದೆ ಅನ್ನುತ್ತದೆ. ಕಾಗದ ಇಟ್ಟು ಸ್ಕ್ಯಾನ್ ಮಾಡಿದರೆ ಮಾತ್ರ ಕೊನೇ ಗಳಿಗೆಯಲ್ಲಿ ವಿಫಲ. ಹಾಗಾಗಿ ಶೇರಿಂಗ್‌ನಲ್ಲಿ 'ಚೇಂಜ್', ಸೆಕ್ಯುರಿಟಿಯಲ್ಲಿ 'ಮಾಡಿಫೈ', ಎರಡನ್ನೂ ಆ ಖಾತೆಗೆ ಕೊಡಿ. ಎವ್ರಿವನ್ ಅಂತ ಎಲ್ಲರಿಗೂ ಬಿಡಬೇಡಿ. ಸ್ಕ್ಯಾನ್ ಆಗಿ ಬರುವುದು ಗುರುತಿನ ಚೀಟಿ, ಸಂಬಳದ ಪಟ್ಟಿ, ಒಪ್ಪಂದದಂತಹ ಕಾಗದಗಳು.

ಆ ಕಂಪ್ಯೂಟರ್‌ನ ನೆಟ್‌ವರ್ಕ್ 'ಪಬ್ಲಿಕ್' ಅಂತ ಇದ್ದರೆ ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ 445ನ್ನು ಮುಚ್ಚಿಡುತ್ತದೆ. 'ಪ್ರೈವೇಟ್'ಗೆ ಬದಲಾಯಿಸಿ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವ ಅಗತ್ಯ ಎಂದೂ ಇಲ್ಲ. ರೌಟರ್‌ನಲ್ಲಿ 445ನ್ನು ಇಂಟರ್‌ನೆಟ್ ಕಡೆಗೆ ತೆರೆಯುವುದಂತೂ ಯಾವ ಕಾರಣಕ್ಕೂ ಬೇಡ.

ಸ್ಕ್ಯಾನರ್‌ಗೆ ವಿವರ ತುಂಬುವಾಗ ಅದರ ಪುಟ್ಟ ಪರದೆಯ ಮೇಲೆ ಟೈಪ್ ಮಾಡಬೇಡಿ. ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾಗುವುದು ಅಲ್ಲೇ. ಬ್ರೌಸರ್‌ನಲ್ಲಿ ಸ್ಕ್ಯಾನರ್‌ನ ಐಪಿ ಹೊಡೆದು ಅದರ ಪುಟ ತೆರೆಯಿರಿ. ಹೋಸ್ಟ್ ಜಾಗದಲ್ಲಿ ಕಂಪ್ಯೂಟರ್‌ನ ಐಪಿ ಹಾಕಿ. ಪಾತ್ ಜಾಗದಲ್ಲಿ ಹಾಕಬೇಕಾದ್ದು ಶೇರ್‌ನ ಹೆಸರು. ಡ್ರೈವ್ ಅಕ್ಷರದಿಂದ ಶುರುವಾಗುವ ಪೂರ್ತಿ ದಾರಿ ಅಲ್ಲ. ಯೂಸರ್‌ನೇಮ್ ಒಪ್ಪದಿದ್ದರೆ ಕಂಪ್ಯೂಟರ್‌ನ ಹೆಸರು, ಒಂದು ಹಿಂದೋರೆ ಗೆರೆ (\), ಆಮೇಲೆ ಖಾತೆಯ ಹೆಸರು ಹೀಗೆ ಸೇರಿಸಿ ಬರೆದು ನೋಡಿ. ಆ ಪುಟದಲ್ಲಿ ಇರುವಾಗಲೇ ಸ್ಕ್ಯಾನರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿಬಿಡಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಇದ್ದರೆ ಇಷ್ಟೊತ್ತು ಮಾಡಿದ್ದೆಲ್ಲ ತೆರೆದಿಟ್ಟ ಹಾಗೆ.

ಇಷ್ಟಾದ ಮೇಲೂ ಬರದಿದ್ದರೆ ಸ್ಕ್ಯಾನರ್ ಜೊತೆ ಗುದ್ದಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಇನ್ನೊಂದು ಕಂಪ್ಯೂಟರ್‌ನಿಂದ, ಸ್ಕ್ಯಾನರ್‌ಗೆ ಕೊಟ್ಟ ಅದೇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬಳಸಿ ಆ ಶೇರ್ ತೆರೆಯಿರಿ. ಒಳಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ ಸೇವ್ ಮಾಡಿ. ಸೇವ್ ಆಯಿತಾ? ಹಾಗಾದರೆ ಬಾಗಿಲು, ಗುರುತು, ಅನುಮತಿ ಎಲ್ಲ ಸರಿ ಇವೆ, ತೊಂದರೆ ಸ್ಕ್ಯಾನರ್ ಕಡೆ. ಸೇವ್ ಆಗಲಿಲ್ಲವಾ? ಸ್ಕ್ಯಾನರ್‌ದು ಏನೂ ತಪ್ಪಿಲ್ಲ. ಎರಡು ನಿಮಿಷದ ಈ ಪರೀಕ್ಷೆ ನನಗೆ ಎಷ್ಟೋ ಗಂಟೆ ಉಳಿಸಿದೆ.

ಇನ್ನು ಇಮೇಲ್. ಸ್ಕ್ಯಾನರ್‌ನಿಂದ ಇಮೇಲ್ ಕಳಿಸುವ ಪ್ರೋಟೋಕಾಲ್ ಎಸ್‌ಎಂಟಿಪಿ. ಇದಕ್ಕೆ ಮೂರು ಬಾಗಿಲುಗಳಿವೆ. 25 ಅಂದರೆ ಮೇಲ್ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಬಾಗಿಲು. ನಿಮಗೆ ಬೇಕಾದ್ದು 587 ಅಥವಾ 465. 587ರಲ್ಲಿ ಮಾತು ಬಯಲಲ್ಲಿ ಶುರುವಾಗಿ, ಸ್ಟಾರ್ಟ್‌ಟಿಎಲ್‌ಎಸ್ ಅಂದ ಮೇಲೆ ಗುಟ್ಟಾಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗುಟ್ಟು. ಸ್ಕ್ಯಾನರ್‌ನ ಪುಟದಲ್ಲಿ ಎಸ್‌ಎಸ್‌ಎಲ್ ಅಂತ ಆರಿಸಿ ಪೋರ್ಟ್ 587 ಹಾಕಿದರೆ ಇಬ್ಬರೂ ಬೇರೆ ಬೇರೆ ಭಾಷೆ ಆಡಿದ ಹಾಗೆ. ಯಂತ್ರ ಸ್ವಲ್ಪ ಹೊತ್ತು ಕಾದು, ಸಮಯ ಮೀರಿತು ಅನ್ನುತ್ತದೆ. ಎಸ್‌ಎಸ್‌ಎಲ್ ಅಂದರೆ 465, ಸ್ಟಾರ್ಟ್‌ಟಿಎಲ್‌ಎಸ್ ಅಂದರೆ 587. ಈ ಜೋಡಿ ತಪ್ಪಬಾರದು.

ಪಾಸ್‌ವರ್ಡ್ ವಿಷಯದಲ್ಲೂ ಕಾಲ ಬದಲಾಗಿದೆ. ಮೊದಲೆಲ್ಲ ಜಿಮೇಲ್‌ನ ಮಾಮೂಲಿ ಪಾಸ್‌ವರ್ಡನ್ನೇ ಸ್ಕ್ಯಾನರ್‌ಗೆ ಕೊಟ್ಟರೆ ನಡೆಯುತ್ತಿತ್ತು. 2022ರ ಮೇ ಕೊನೆಗೆ ಗೂಗಲ್ ವೈಯಕ್ತಿಕ ಖಾತೆಗಳಲ್ಲಿ ಅದನ್ನು ನಿಲ್ಲಿಸಿತು. ಈಗ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಮಾಡಿಸಿಕೊಂಡು ಅದನ್ನು ಸ್ಕ್ಯಾನರ್‌ಗೆ ಕೊಡಬೇಕು. ಮೈಕ್ರೋಸಾಫ್ಟ್ ಕೂಡ ತನ್ನ ಕಚೇರಿ ಮೇಲ್‌ನಲ್ಲಿ ಬರೀ ಪಾಸ್‌ವರ್ಡ್‌ನ ದಾರಿಯನ್ನು ಮುಚ್ಚುತ್ತಾ ಬಂದಿದೆ. ಅದರ ಬದಲು ಬರುವುದು ಒಆತ್ ಅನ್ನುವ ವಿಧಾನ, ಅಲ್ಲಿ ಪಾಸ್‌ವರ್ಡ್ ಬದಲು ಅನುಮತಿಯ ಟೋಕನ್ ನಡೆಯುತ್ತದೆ. ಹೊಸ ಸ್ಕ್ಯಾನರ್ ಅದನ್ನು ಅರ್ಥ ಮಾಡಿಕೊಳ್ಳುತ್ತದಾ ಅಂತ ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಮಾತನ್ನು ಗುಟ್ಟಾಗಿಸುವ ಪ್ರೋಟೋಕಾಲ್ ಟಿಎಲ್‌ಎಸ್. ಅದರ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಅದಕ್ಕೇ ಪಾಸ್‌ವರ್ಡ್ ಸರಿ ಇದ್ದರೂ ಹಳೆಯ ಯಂತ್ರಗಳಿಗೆ ಮೇಲ್ ಸರ್ವರ್ ಒಳಗೆ ಬಿಡದೇ ಇರಬಹುದು. ಕನಿಷ್ಠ 1.2 ಬೇಕು.

ಒಮ್ಮೆ ಒಂದು ಕಚೇರಿಯವರು ಕರೆದಿದ್ದರು. ಸ್ಕ್ಯಾನರ್‌ನಿಂದ ಇಮೇಲ್ ಹೋಗುತ್ತಿಲ್ಲ. ಪೋರ್ಟ್ ಸರಿ, ಪಾಸ್‌ವರ್ಡ್ ಸರಿ, ಡಿಎನ್‌ಎಸ್ ಸರಿ. ಮೂರು ಸಲ ಹೊಸದಾಗಿ ತುಂಬಿಸಿದೆ. ಅರ್ಧ ದಿನ ಹೋಯಿತು. ಕೊನೆಗೆ ಯಂತ್ರದಿಂದ ಒಂದು ವರದಿ ಹಾಳೆ ಮುದ್ರಿಸಿ ನೋಡಿದೆ. ಅದರ ಮೂಲೆಯಲ್ಲಿ ದಿನಾಂಕ 1 ಜನವರಿ 2010 ಅಂತಿತ್ತು. ಒಳಗಿನ ಪುಟ್ಟ ಬ್ಯಾಟರಿ ಮುಗಿದು, ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಮೇಲ್ ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಆ ಯಂತ್ರದ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿರಲಿಲ್ಲ. ನಂಬಲು ಅದು ಒಪ್ಪಲಿಲ್ಲ, ಅದರ ಮಟ್ಟಿಗೆ ಅದು ಮಾಡಿದ್ದು ಸರಿಯೇ. ಎನ್‌ಟಿಪಿ ಆನ್ ಮಾಡಿದೆ. ಅಂದರೆ ಯುಡಿಪಿ ಪೋರ್ಟ್ 123ರ ಮೂಲಕ ಹೊರಗಿನ ಗಡಿಯಾರ ಕೇಳಿ ತನ್ನ ಸಮಯ ಸರಿಮಾಡಿಕೊಳ್ಳುವ ಪ್ರೋಟೋಕಾಲ್. ಮರುಗಳಿಗೆ ಮೇಲ್ ಹೋಯಿತು. ಅವತ್ತಿನಿಂದ ನಾನು ಯಾವುದೇ ಸ್ಕ್ಯಾನರ್ ಮುಂದೆ ನಿಂತರೂ ಮೊದಲು ನೋಡುವುದು ಅದರ ದಿನಾಂಕ. ನೀವೂ ಎನ್‌ಟಿಪಿ ಆನ್ ಮಾಡಿ. ಸರ್ಟಿಫಿಕೇಟ್ ಪರಿಶೀಲನೆಯನ್ನು ಆಫ್ ಮಾಡಿದರೂ ಮೇಲ್ ಹೋಗುತ್ತಿತ್ತು, ಆದರೆ ಆ ದಾರಿ ಹಿಡಿಯಬೇಡಿ. ಆಮೇಲೆ ಎದುರಿಗಿರುವುದು ನಿಜವಾದ ಸರ್ವರ್ರೋ ಇನ್ಯಾರೋ ಅಂತ ಯಂತ್ರ ನೋಡುವುದೇ ಇಲ್ಲ.

ಇಮೇಲ್‌ನ ಇನ್ನೊಂದು ಮಿತಿ ಗಾತ್ರ. ಎ4 ಹಾಳೆಯನ್ನು 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ, ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣದಲ್ಲಿ ಒಂದೊಂದು ಚುಕ್ಕೆಗೂ 3 ಬೈಟ್. ಒತ್ತಿ ಚಿಕ್ಕದು ಮಾಡುವ ಮೊದಲು ಒಂದು ಪುಟವೇ 26 ಎಂಬಿ. ಅದೇ ಬರೀ ಕಪ್ಪುಬಿಳುಪಾದರೆ ಸುಮಾರು 1 ಎಂಬಿ. ಪಿಡಿಎಫ್ ಮಾಡುವಾಗ ಇದು ಬಹಳ ಇಳಿಯುತ್ತದೆ ನಿಜ, ಆದರೂ 40 ಪುಟದ ಬಣ್ಣದ ಕಡತ ದೊಡ್ಡದೇ. ಜೊತೆಗೆ ಇಮೇಲ್‌ಗೆ ಸೇರಿಸುವಾಗ ಫೈಲನ್ನು ಬೇಸ್64 ಅನ್ನುವ ರೂಪಕ್ಕೆ ತಿರುಗಿಸುತ್ತಾರೆ. ಅಲ್ಲಿ ಗಾತ್ರ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಉಬ್ಬುತ್ತದೆ. ಜಿಮೇಲ್‌ನ ಮಿತಿ 25 ಎಂಬಿ ಅಂದರೆ, ಸ್ಕ್ಯಾನರ್ ಕಳಿಸಬಹುದಾದ ಫೈಲ್ ಹೆಚ್ಚುಕಮ್ಮಿ 18 ಎಂಬಿ. ಮಾಮೂಲಿ ಪತ್ರಗಳಿಗೆ ಬೂದು ಬಣ್ಣ ಅಥವಾ ಕಪ್ಪುಬಿಳುಪು ಇಟ್ಟುಕೊಳ್ಳಿ, ಸಾಕು.

ನನ್ನ ಅಭಿಪ್ರಾಯ ಕೇಳಿದರೆ, ಹೊರಗಿನವರಿಗೆ ಒಂದೆರಡು ಪುಟ ಕಳಿಸಲು ಇಮೇಲ್ ಇರಲಿ. ದಿನನಿತ್ಯದ ಕಡತಗಳಿಗೆ ಬೇಡ. ಒಂದೇ ಕಾಗದದ ಪ್ರತಿ ಕಳಿಸಿದವರ ಪೆಟ್ಟಿಗೆಯಲ್ಲೊಂದು, ಪಡೆದವರ ಪೆಟ್ಟಿಗೆಯಲ್ಲೊಂದು, ಫೋನಿನಲ್ಲೊಂದು ಅಂತ ಉಳಿದುಬಿಡುತ್ತದೆ.

ಎಫ್‌ಟಿಪಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದರ ಮೊದಲ ರೂಪವನ್ನು 1971ರಲ್ಲಿ ಬರೆದವರು ಆಗ ಎಂಐಟಿಯಲ್ಲಿದ್ದ ಅಭಯ್ ಭೂಷಣ್. ಇಂಟರ್‌ನೆಟ್‌ಗಿಂತ ಹಳೆಯದು, ಇವತ್ತಿಗೂ ಸ್ಕ್ಯಾನರ್‌ಗಳಲ್ಲಿ ಬದುಕಿದೆ, ಅದು ಸಣ್ಣ ಮಾತಲ್ಲ. ಆದರೆ ಪಾಸ್‌ವರ್ಡ್ ಮತ್ತು ಫೈಲ್ ಎರಡೂ ಬಯಲಲ್ಲೇ ಸಾಗುತ್ತವೆ. ಮಾತಿಗೆ ಪೋರ್ಟ್ 21, ಫೈಲ್‌ಗೆ ಬೇರೆಯೇ ಸಂಪರ್ಕ. ಹಾಗಾಗಿ ಲಾಗಿನ್ ಆಗಿ ಫೈಲ್ ಮಾತ್ರ ನಿಂತುಹೋದರೆ ಪ್ಯಾಸಿವ್ ಮೋಡ್ (ಫೈಲ್‌ನ ಸಂಪರ್ಕವನ್ನೂ ಸ್ಕ್ಯಾನರ್ರೇ ಶುರುಮಾಡುವ ಬಗೆ) ಆನ್ ಮಾಡಿ ನೋಡಿ. ಹೆಸರುಗಳಲ್ಲಿ ಮೋಸಹೋಗಬೇಡಿ: ಎಫ್‌ಟಿಪಿಎಸ್ ಅಂದರೆ ಎಫ್‌ಟಿಪಿಗೇ ಟಿಎಲ್‌ಎಸ್ ಹೊದಿಸಿದ್ದು, ಎಸ್‌ಎಫ್‌ಟಿಪಿ ಅಂದರೆ ಎಸ್‌ಎಸ್‌ಎಚ್ ಅನ್ನುವ ಗುಟ್ಟಿನ ಸಂಪರ್ಕದ ಮೇಲೆ ಪೋರ್ಟ್ 22ರಲ್ಲಿ ನಡೆಯುವ ಬೇರೆಯದೇ ಪ್ರೋಟೋಕಾಲ್. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ನಡೆಯುವುದಿಲ್ಲ. ನಿಮ್ಮ ಹೊಸ ಯಂತ್ರದಲ್ಲಿ ಎಸ್‌ಎಫ್‌ಟಿಪಿ ಇದ್ದು, ಫೈಲ್ ಕಚೇರಿಯ ಹೊರಗಿನ ಸರ್ವರ್‌ಗೆ ಹೋಗಬೇಕಿದ್ದರೆ ಅದನ್ನೇ ಆರಿಸಿ.

ಈಗ ಇನ್ನೊಂದು ಕಡೆ, ಅಂದರೆ ಕಂಪ್ಯೂಟರ್ ಬಂದು ಸ್ಕ್ಯಾನರ್‌ನ ಬಾಗಿಲು ತಟ್ಟುವ ವಿಧಾನ. ಒಬ್ಬರು ಕೂತು ಒಂದೊಂದೇ ಪುಟ ನೋಡಿ, ಕತ್ತರಿಸಿ, ತಿರುಗಿಸಿ ಉಳಿಸಿಕೊಳ್ಳುವ ಕೆಲಸಕ್ಕೆ ಇದು ಚೆನ್ನ. ಟ್ವೇನ್ ಅನ್ನುವ ಹೆಸರು ಕೇಳಿರುತ್ತೀರಿ. 1992ರಿಂದ ಇದೆ. ಅದು ನೆಟ್‌ವರ್ಕ್ ಪ್ರೋಟೋಕಾಲ್ ಅಲ್ಲ, ಸಾಫ್ಟ್‌ವೇರ್ ಮತ್ತು ಡ್ರೈವರ್ ನಡುವಿನ ಒಪ್ಪಂದ. ನೆಟ್‌ವರ್ಕ್ ಮೇಲೆ ಓಡುವವು ಡಬ್ಲ್ಯೂಎಸ್‌ಡಿ ಮತ್ತು ಇಎಸ್‌ಸಿಎಲ್.

ಡಬ್ಲ್ಯೂಎಸ್‌ಡಿ ಮೈಕ್ರೋಸಾಫ್ಟ್ ಕಡೆಯದು. ಯುಡಿಪಿ ಪೋರ್ಟ್ 3702ರಲ್ಲಿ 'ಸ್ಕ್ಯಾನರ್ ಯಾರಾದರೂ ಇದ್ದೀರಾ?' ಅಂತ ಕೂಗಿ ಹುಡುಕುತ್ತದೆ. ಇಎಸ್‌ಸಿಎಲ್ ಆಪಲ್‌ನ ಏರ್‌ಸ್ಕ್ಯಾನ್ ಹಿಂದಿರುವುದು. ಎಂಡಿಎನ್‌ಎಸ್ ಮೂಲಕ, ಯುಡಿಪಿ 5353ರಲ್ಲಿ ಹುಡುಕಿ, ಆಮೇಲೆ ವೆಬ್ ಪುಟ ತೆರೆಯುವ ಎಚ್‌ಟಿಟಿಪಿಯಲ್ಲೇ ಮಾತಾಡುತ್ತದೆ. ಡ್ರೈವರ್ ಹಾಕದೆಯೇ ಮ್ಯಾಕ್, ಲಿನಕ್ಸ್, ವಿಂಡೋಸ್ 11 ಮೂರರಲ್ಲೂ ನಡೆಯುತ್ತದೆ. ಎರಡೂ ಇದ್ದರೆ ಇಎಸ್‌ಸಿಎಲ್ ಇಟ್ಟುಕೊಳ್ಳಿ. ಕಂಪ್ಯೂಟರ್ ನಿದ್ದೆಯಿಂದ ಎದ್ದ ಮೇಲೆ ಡಬ್ಲ್ಯೂಎಸ್‌ಡಿಯಲ್ಲಿ ಸ್ಕ್ಯಾನರ್ ಕಾಣೆಯಾಗುವುದನ್ನು ಬಹಳ ಸಲ ನೋಡಿದ್ದೇನೆ.

ಇವೆರಡರ ಕೂಗು ಒಂದೇ ಅಂಗಳದೊಳಗೆ ಕೇಳಿಸುತ್ತದೆ. ರೌಟರ್ ದಾಟಿ ಆಚೆ ಹೋಗುವುದಿಲ್ಲ. ಸ್ಕ್ಯಾನರ್ ಕಚೇರಿಯ ಕೇಬಲ್‌ನಲ್ಲಿದ್ದು ನಿಮ್ಮ ಲ್ಯಾಪ್‌ಟಾಪ್ ಅತಿಥಿಗಳ ವೈಫೈನಲ್ಲಿದ್ದರೆ ಅದು ಕಾಣುವುದೇ ಇಲ್ಲ. ಯಂತ್ರ ಕೆಟ್ಟಿಲ್ಲ, ನೀವು ಬೇರೆ ಅಂಗಳದಲ್ಲಿದ್ದೀರಿ ಅಷ್ಟೇ.

ಉಳಿದವು ಬೇಗ ಮುಗಿಯುತ್ತವೆ. ಎಲ್‌ಡಿಎಪಿ ದೊಡ್ಡ ಸಂಸ್ಥೆಯ ವಿಳಾಸಪಟ್ಟಿಯಿಂದ ಹೆಸರು ಹುಡುಕಲು ಇರುವುದು. ಹತ್ತು ಜನರ ಹೆಸರನ್ನು ಕೈಯಾರೆ ತುಂಬಿಸಿದರೆ ಹತ್ತು ನಿಮಿಷ, ಇದು ನಿಮಗೆ ಬೇಡ. ಎಸ್‌ಎನ್‌ಎಂಪಿ ಯಂತ್ರದ ಸ್ಥಿತಿ ದೂರದಿಂದ ನೋಡಲು, ಪೋರ್ಟ್ 161. ಬಳಸುವುದಿಲ್ಲ ಅಂದರೆ ಆಫ್. ಬಳಸಿದರೆ 'ಪಬ್ಲಿಕ್' ಅಂತ ಮೊದಲೇ ಇಟ್ಟಿರುವ ಗುಟ್ಟಿನ ಪದವನ್ನು ಬದಲಾಯಿಸಿ, ಮೂರನೇ ಆವೃತ್ತಿ ಇದ್ದರೆ ಅದನ್ನೇ ಆರಿಸಿ.

ಹಾಗಾಗಿ ನಿಮ್ಮ ಹೊಸ ಸ್ಕ್ಯಾನರ್‌ನಲ್ಲಿ ದಿನದ ಕೆಲಸಕ್ಕೆ ಎಸ್‌ಎಂಬಿ, ಎರಡನೇ ಅಥವಾ ಮೂರನೇ ಆವೃತ್ತಿ. ಹೊರಗೆ ಕಳಿಸಲು ಎಸ್‌ಎಂಟಿಪಿ. ಜೊತೆಗೆ ಎನ್‌ಟಿಪಿ. ಯಾರಾದರೂ ಕಂಪ್ಯೂಟರ್‌ನಿಂದಲೇ ಸ್ಕ್ಯಾನ್ ಮಾಡುವವರಿದ್ದರೆ ಮಾತ್ರ ಇಎಸ್‌ಸಿಎಲ್.

ಇನ್ನು ಹಳೆಯ ಸ್ಕ್ಯಾನರ್. ಎಸ್‌ಎಂಬಿ ಒಂದನೇ ಆವೃತ್ತಿ ಆನ್ ಮಾಡಬಹುದಾ ಅಂದಿರಿ. ಬೇಡ. ನಿಮ್ಮ ಪರಿಚಯದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಸ್ಕ್ಯಾನ್ ಶುರುವಾಗಲೂಬಹುದು. ಆದರೆ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ಜಗತ್ತಿನಾದ್ಯಂತ ಹಬ್ಬಿದ್ದು ಇದೇ ಒಂದನೇ ಆವೃತ್ತಿಯಲ್ಲಿದ್ದ ದೋಷದ ಮೂಲಕ. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಒಂದನೇ ಆವೃತ್ತಿಯ ಸರ್ವರ್ ಭಾಗ, ಅಂದರೆ ಬಂದ ಫೈಲ್ ಸ್ವೀಕರಿಸುವ ಭಾಗ, ತಾನಾಗಿ ಇರುವುದಿಲ್ಲ. ನಿಮ್ಮ ಹೊಸ ಕಂಪ್ಯೂಟರ್ ಬಂದ ಮೇಲೆ ಸ್ಕ್ಯಾನರ್ ನಿಂತದ್ದು ಬಹುಶಃ ಇದಕ್ಕೇ. ದೋಷ ಮುಚ್ಚಿದ್ದರೂ ಆ ಆವೃತ್ತಿಯಲ್ಲಿ ಗುಟ್ಟಾಗಿ ಕಳಿಸುವ ವ್ಯವಸ್ಥೆಯೇ ಇಲ್ಲ. ಒಂದು ಸ್ಕ್ಯಾನರ್‌ಗಾಗಿ ಇಡೀ ಕಂಪ್ಯೂಟರ್‌ನಲ್ಲಿ ಅದನ್ನು ತೆರೆಯುವುದು ನನಗೆ ಸರಿ ಕಾಣುವುದಿಲ್ಲ.

ಹಳೆಯದರ ತಯಾರಕರ ಪುಟಕ್ಕೆ ಹೋಗಿ ಹೊಸ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಸಾಫ್ಟ್‌ವೇರ್, ಇದೆಯಾ ನೋಡಿ. ಕೆಲವು ಮಾಡೆಲ್‌ಗಳಿಗೆ ಎರಡನೇ ಆವೃತ್ತಿ ಹೀಗೆ ಸೇರಿಕೊಂಡಿದೆ. ಎರಡನೇ ಆವೃತ್ತಿ ಬಂದರೂ ಲಾಗಿನ್ ಆಗದಿದ್ದರೆ ಕಂಪ್ಯೂಟರ್‌ನಲ್ಲಿ ಯಾವ ವಿಂಡೋಸ್ ಇದೆ ನೋಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ವಿಂಡೋಸ್‌ಗಳಲ್ಲಿ ಎಸ್‌ಎಂಬಿ ಸೈನಿಂಗ್ ಮೊದಲಿನಿಂದಲೇ ಕಡ್ಡಾಯ, ಅಂದರೆ ಪ್ರತಿ ಮಾತಿಗೂ ಸಹಿ ಇರಬೇಕು. ಗುರುತು ಪರೀಕ್ಷಿಸುವ ಎನ್‌ಟಿಎಲ್‌ಎಂ ವಿಧಾನದ ಮೊದಲ ಆವೃತ್ತಿಯನ್ನೂ ಅದರಿಂದ ತೆಗೆದಿದ್ದಾರೆ. ಸ್ಕ್ಯಾನರ್‌ನ ಪುಟದಲ್ಲಿ ಎನ್‌ಟಿಎಲ್‌ಎಂವಿ2 ಅಂತ ಆಯ್ಕೆ ಇದ್ದರೆ ಅದನ್ನು ಆರಿಸಿ.

ಫರ್ಮ್‌ವೇರ್ ಸಿಗದಿದ್ದರೆ, ಯುಎಸ್‌ಬಿ ಕೇಬಲ್‌ನಿಂದ ಒಂದೇ ಕಂಪ್ಯೂಟರ್‌ಗೆ ಜೋಡಿಸಿ ಟ್ವೇನ್ ಮೂಲಕ ಬಳಸುವುದು ಎಲ್ಲಕ್ಕಿಂತ ಸುಲಭ. ಅದೂ ಆಗದು, ನೆಟ್‌ವರ್ಕ್‌ನಲ್ಲೇ ಬೇಕು ಅಂದರೆ ನ್ಯಾಸ್ ಪೆಟ್ಟಿಗೆಯಲ್ಲಿ ಎಫ್‌ಟಿಪಿ ತೆರೆದು, ಸ್ಕ್ಯಾನರ್‌ಗೆ ಮಾತ್ರ ಒಂದು ಖಾತೆ, ಒಂದೇ ಫೋಲ್ಡರ್ ಕೊಡಿ. ಆ ಪಾಸ್‌ವರ್ಡ್ ಬೇರೆಲ್ಲೂ ಬಳಸಿರಬಾರದು. ಸ್ಕ್ಯಾನರ್ ಮತ್ತು ನ್ಯಾಸ್ ಎರಡನ್ನೂ ಕೇಬಲ್‌ನಲ್ಲೇ ಜೋಡಿಸಿ, ಸ್ಕ್ಯಾನರ್‌ನ ಐಪಿಯಿಂದ ಮಾತ್ರ ಎಫ್‌ಟಿಪಿ ಬರಲಿ ಅಂತ ನ್ಯಾಸ್‌ನ ಫೈರ್‌ವಾಲ್‌ನಲ್ಲಿ ಬರೆಯಿರಿ. ಅಲ್ಲಿಂದ ಕಂಪ್ಯೂಟರ್‌ಗಳು ಅದೇ ಫೋಲ್ಡರನ್ನು ಎಸ್‌ಎಂಬಿ ಮೂರರಲ್ಲಿ ತೆರೆದುಕೊಳ್ಳುತ್ತವೆ. ಹಳೆಯ ಸ್ಕ್ಯಾನರ್ ಮೊದಲಿನಂತೆ ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆ, ನಿಮ್ಮ ಹೊಸ ಕಂಪ್ಯೂಟರ್‌ನಲ್ಲಿ ಹಳೆಯ ಬಾಗಿಲು ತೆರೆಯುವ ಅಗತ್ಯವೂ ಬರುವುದಿಲ್ಲ.